ಕೆಂಪವ್ವನ ಇಪ್ಪತ್ತೇಳು ಸಾಲು

ಬೈಲಹೊಂಗಲ
ತಾ. ೧೨-೩-೧೯೭೫

ಚಿ. ರಾಯವ್ವಳಿಗೆ ಬಸಯ್ಯನ ಆಶೀರ್ವಾದ.

ನಿನ್ನ ಪತ್ರ ಬಂದು ಎರಡೂವರೆ ತಿಂಗಳಾಯಿತು. ಮೊಣಕಾಲು ನೋವು, ಮೊಮ್ಮಗಳ ಮದುವೆ, ಹೊಸ ಕನ್ನಡಕ ಎಂದು ಮೂರು ಕಾರಣ ಬರೆದು ಮೂರು ಸಲ ಕಾಗದ ಹರಿದು ಹಾಕಿದೆ. ನೀನು ನನ್ನ ಛಾಪಖಾನೆಯ ನೆಲದ ಮೇಲೆ ಕುಳಿತು, ಅಪ್ಪನ ಖಾನೆಗಳಿಂದ ಅಚ್ಚಿನ ಮೊಳೆ ಆರಿಸಿ ಅಕ್ಷರ ಕಲಿತ ಹುಡುಗಿ. ಮೊದಮೊದಲು ಎಲ್ಲ ಅಕ್ಷರಗಳನ್ನೂ ಕನ್ನಡಿಯೊಳಗಿನಂತೆ ತಿರುವಿ ಬರೆಯುತ್ತಿದ್ದೆ. ಈಗ ರಾಮದುರ್ಗದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತೀ. ನಿನ್ನ ಮುಂದೆ ನೆವ ಹೇಳಲು ನಾಚಿಕೆಯಾಗುತ್ತದೆ. ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲ, ನಿಜವಾದ ಕಾರಣ ಅದು.

ನಿನ್ನ ಅಪ್ಪ ಭರಮಪ್ಪನ ಮಣ್ಣಿಗೆ ನಾನು ಸಂಗೊಳ್ಳಿಗೆ ಬಂದಿದ್ದೆನಲ್ಲ. ಬೇವಿನ ಗಿಡದ ಕೆಳಗೆ ಕುಳಿತವರಿಗೆಲ್ಲ ನಾನೇ ಹೇಳಿದೆ: ಮೂರು ತಾಲೂಕಿನಲ್ಲಿ ಮೊಳೆ ಜೋಡಿಸುವ ಅಂಥ ಕಂಪೋಜಿಟರ್ ಇನ್ನೊಬ್ಬನಿರಲಿಲ್ಲ, ಅವನ ಕೈಯಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ ಎಂದು. ನೀನು ಅಳುತ್ತಲೇ ತಲೆಯಾಡಿಸಿದೆ. ಒಂದು ತಿಂಗಳು ಕಳೆದು ನಿನ್ನ ಪತ್ರ ಬಂತು. ಅಪ್ಪ ಕಡೆಯ ದಿನಗಳಲ್ಲಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿದ್ದೆ: "ನಮ್ಮವ್ವ ಕೆಂಪವ್ವ ಕಟ್ಟಿದ ಹಾಡೆಲ್ಲಾ ಒಂದ ವಹಿದಾಗ ಬರದಿದ್ನೆವಾ. ನೂರಾ ಹನ್ನೆರಡ ಇದ್ದೂವು. ವಹಿ ಅಯ್ಯಾರ ಕಡೆ ಕೊಟ್ಟಿದ್ದೆ." ಎರಡು ಮೂರು ಸಾಲು ಅನ್ನುತ್ತಿದ್ದ, ಮುಂದೆ ಮರೆತೈತಿ ಎಂದು ಗೋಡೆಯ ಕಡೆ ತಿರುಗುತ್ತಿದ್ದ ಎಂದೂ ಬರೆದಿದ್ದೆ. ವಹಿ ನಿಮ್ಮಲ್ಲಿದೆಯೇ ಅಯ್ಯಾ ಅವರೇ, ಇದ್ದರೆ ಪ್ರತಿ ಮಾಡಿಕೊಂಡು ಮರಳಿ ಕೊಡುತ್ತೇನೆ ಎಂದು ಕೇಳಿದ್ದೆ.

ಓದುತ್ತಿದ್ದಂತೆ ಕಾಗದ ಕೈಯಿಂದ ಜಾರಿ ಚಹಾದ ಬಟ್ಟಲಲ್ಲಿ ಬಿತ್ತು. ಭರಮಪ್ಪ ಆ ವಹಿ ತಂದ ದಿನ ನನಗೆ ನಿನ್ನೆಯ ಹಾಗೆ ನೆನಪಿದೆ. ೧೯೩೯ರ ಬೇಸಿಗೆ. ನಾನು ಇಪ್ಪತ್ತೇಳರವನು, ಛಾಪಖಾನೆಯ ಮಾಲಕ, ಮಾಸಪತ್ರಿಕೆಯ ಸಂಪಾದಕ, ಬೈಲಹೊಂಗಲದಲ್ಲಿ ನನಗಿಂತ ಹೆಚ್ಚು ಓದಿದವರಿಲ್ಲ ಎಂದು ತಿಳಿದವನು. ಭರಮಪ್ಪ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೈ ಒರೆಸಿಕೊಂಡು ಬಂದು ವಹಿಯನ್ನು ಮೇಜಿನ ತುದಿಗೆ ಇಟ್ಟ.

"ಅಯ್ಯಾರ, ಇದರಾಗ ಹಾಡ ಅದಾವ್ರಿ. ಓದಿ ನೋಡ್ರಿ, ಛಾಪಿಸೂ ಹಂಗ ಇದ್ರ."

"ಯಾರ ಹಾಡೋ?"

"ಸಿರಸಂಗಿ ಕಡಿಯಾಕಿ ಒಬ್ಬಾಕಿದ್ಲರಿ. ಸತ್ತು ಮೂರ ವರ್ಷಾತು."

ನಮ್ಮವ್ವ ಎನ್ನಲಿಲ್ಲ. ನಾನೂ ಮುಂದೆ ಕೇಳಲಿಲ್ಲ. ಆ ಒಬ್ಬಾಕೆ ಅವನ ತಾಯಿ ಎಂಬುದು ಮೂವತ್ತಾರು ವರ್ಷ ಕಳೆದು, ಅವನೂ ಹೋದ ಮೇಲೆ, ನಿನ್ನ ಕಾಗದದಿಂದ ನನಗೆ ತಿಳಿಯಿತು.

ಇನ್ನೂ ಕೆಟ್ಟ ಮಾತಿದೆ. ನಾನು ಆ ಹಾಡುಗಳನ್ನು ಛಾಪಿಸಲಿಲ್ಲ, ಅವುಗಳ ಮೇಲೆ ಲೇಖನ ಬರೆದೆ. 'ಹಾಡೋ, ಹರಟೆಯೋ?' ಎಂದು ಹೆಸರು. ಛಂದಸ್ಸಿಲ್ಲ, ವ್ಯಾಕರಣವಿಲ್ಲ, ಹಾದಿಬೀದಿಯಲ್ಲಿ ಹಾಡಿದ್ದೆಲ್ಲ ಕಾವ್ಯವಾದರೆ ಪಂಡಿತರೇನು ಗಾಣ ಹೊಡೆಯಬೇಕೇ ಎಂದು ನಾಲ್ಕು ಪುಟ ಬೈದಿದ್ದೆ. ಗೇಲಿ ಮಾಡಲು ಎರಡು ಹಾಡಿನಿಂದ ಆರು ಸಾಲು ಉದ್ಧರಿಸಿದ್ದೆ. ಜನ ನಕ್ಕರು, ಸವದತ್ತಿಯಿಂದ ಮೆಚ್ಚುಗೆಯ ಪತ್ರ ಬಂದವು. ನಿನಗೆ ಆ ಲೇಖನದ ಸುದ್ದಿ ಗೊತ್ತಿಲ್ಲ ಅನಿಸುತ್ತದೆ. ಗೊತ್ತಿದ್ದರೆ ನನಗೆ ಇಷ್ಟು ಮರ್ಯಾದೆಯಿಂದ ಬರೆಯುತ್ತಿರಲಿಲ್ಲ.

ಹೀಗೆ ಕಂಗೆಟ್ಟು ಕುಳಿತಿದ್ದಾಗ ಕಾಲೇಜಿನಿಂದ ನಿವೃತ್ತನಾದ ನನ್ನ ಗೆಳೆಯ ಬಸಲಿಂಗಪ್ಪ, ಹೊತ್ತು ಹೋಗಲಿ ಎಂದು ಒಂದು ಇಂಗ್ಲಿಷ್ ಪುಸ್ತಕ ಕೊಟ್ಟ. ಹಳೆಯ ಗ್ರೀಕರ ಗ್ರಂಥಗಳು ಹೇಗೆ ಉಳಿದವು ಎಂಬುದರ ಮೇಲೆ. ಉಳಿದವು ಎಂಬ ಮಾತೇ ಸುಳ್ಳು, ರಾಯವ್ವ! ಮುಕ್ಕಾಲುಪಾಲು ಹಾಳಾಗಿ ಹೋಗಿವೆ. ಎರಡು ಸಾವಿರ ವರ್ಷದ ಹಿಂದಿನ ನಾಟಕ, ಹಾಡು, ಚರಿತ್ರೆ ಎಷ್ಟೋ ಸುಟ್ಟು, ಕೊಳೆತು, ಇಲಿಯ ಬಾಯಿಗೆ ಬಿದ್ದು ನಾಶವಾದವು. ಎಷ್ಟೋ ಗ್ರಂಥಗಳ ಬಗ್ಗೆ ಇಂದು ಗೊತ್ತಿರುವುದು ಅವು ಹುಟ್ಟಿ ಸಾವಿರ ವರ್ಷ ಕಳೆದ ಮೇಲೆ ಬಂದ ಬೇರೆ ಗ್ರೀಕರು, ಕಾನ್‌ಸ್ಟಾಂಟಿನೋಪಲ್ ಎಂಬ ಪಟ್ಟಣದ ಪಾದ್ರಿಗಳು ಮತ್ತು ಮಾಸ್ತರರು, ತಮ್ಮ ಬರಹದ ನಡುವೆ ಎತ್ತಿ ಬರೆದದ್ದು ಮಾತ್ರ. ನಾನು ಓದುತ್ತ ಓದುತ್ತ ದಂಗಾದೆ.

ಅವರಲ್ಲಿ ಒಬ್ಬ ದೊಡ್ಡ ಧರ್ಮಗುರು. ತಾನು ಓದಿದ ಇನ್ನೂರ ಎಂಬತ್ತು ಪುಸ್ತಕಗಳ ಸಾರಾಂಶ ಬರೆದು ತಮ್ಮನಿಗೆ ಕಳಿಸಿದ. ಅವುಗಳಲ್ಲಿ ಅರ್ಧದಷ್ಟು ಮೂಲಗ್ರಂಥಗಳು ಈಗ ಇಲ್ಲ, ತಮ್ಮನಿಗೆ ಕಳಿಸಿದ ಆ ಸಾರಾಂಶವಿದೆ. ನಮ್ಮ ಹಿಂದೂಸ್ತಾನದ ಮೇಲೆ ಹಳೆಯ ಕಾಲದ ಒಬ್ಬ ವೈದ್ಯ ಬರೆದ ಪುಸ್ತಕವೂ ಅದರಲ್ಲಿತ್ತು. ಇಲ್ಲಿ ನಾಯಿಯ ತಲೆಯ ಜನರಿದ್ದಾರೆ ಎಂಬಂಥ ಅದ್ಭುತಗಳು ಸಾರಾಂಶದಲ್ಲಿ ಉಳಿದಿವೆ. ಉಳಿದ ಪುಟಗಳಲ್ಲಿ ಏನಿತ್ತೋ, ಯಾರು ಬಲ್ಲರು? ಎತ್ತಿಕೊಂಡವನಿಗೆ ಬೇಕಾದದ್ದು ಉಳಿಯಿತು. ಇನ್ನು ಕೆಲವರು ಶಬ್ದಕೋಶ ಮಾಡುವಾಗ ಒಂದು ಶಬ್ದದ ಅರ್ಥಕ್ಕಾಗಿ ಅರ್ಧ ಸಾಲು ಹಾಕಿದರು. ಆ ಕವಿಯದು ಈಗ ಅರ್ಧ ಸಾಲೇ ಗತಿ. ಕೆಲವರು ಖಂಡಿಸುವುದಕ್ಕೆಂದೇ ಎತ್ತಿದರು. ಬೈದವನ ಬಾಯಲ್ಲಿ ಬೈಸಿಕೊಂಡವನು ಬದುಕಿದ.

"ಏನಿದು ಅನ್ಯಾಯ! ಒಂದ ನಾಡಿನ ವಿದ್ಯಾ ಎಲ್ಲಾ ಹಿಂಗ ಯಾರದೋ ಚಿಂದಿಯೊಳಗ ಉಳೀಬೇಕೇನು?" ಎಂದು ನಾನು ಕೂಗಿದೆ.

ಬಸಲಿಂಗಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಅವರ ಚಿಂದಿ ಆರಿಸಿ ಇಟ್ಟಾರ. ನಿನ್ನ ಪತ್ರಿಕಾ ಎಲ್ಲೈತೋ ಬಸಯ್ಯಾ? ಒಂದ ಪ್ರತಿ ತೋರಸ ನೋಡೋಣು" ಎಂದ.

ನಮ್ಮ ಮನೆಯಲ್ಲಿ ಒಂದು ಪ್ರತಿಯೂ ಇಲ್ಲ. ಆದರೆ ಎದೆಯಲ್ಲಿ ಏನೋ ಹೊಳೆಯಿತು. ನಾನು ಬೈದ ಆ ಲೇಖನ ಎಲ್ಲಾದರೂ ಸಿಕ್ಕರೆ ಅದರೊಳಗೆ ನಿನ್ನ ಆಯಿ ಕೆಂಪವ್ವನ ಆರು ಸಾಲಾದರೂ ಇರುತ್ತವೆ. ಆ ಸಂಚಿಕೆಯ ಕಂಪೋಜಿನಲ್ಲಿ ಏನೋ ಗೊಂದಲವಾಗಿ ಸಾಲು ಹೆಚ್ಚು ಕುಳಿತು, ಲೇಖನ ಒಂದು ಪುಟ ಬೆಳೆದಿತ್ತು ಎಂದೂ ಮಸುಕಾಗಿ ನೆನಪಿದೆ. ಹಾಗಿದ್ದರೆ ಇನ್ನೆರಡು ಸಾಲು ಹೆಚ್ಚೇ ಸಿಕ್ಕಾವು. ನಾಳೆಯಿಂದ ಹುಡುಕಲು ಹೊರಡುತ್ತೇನೆ.

ವಹಿಯ ಮಾತು ಆಮೇಲೆ ಬರೆಯುತ್ತೇನೆ. ಮಕ್ಕಳಿಗೆ ಆಶೀರ್ವಾದ.

ನಿನ್ನ ಹಿತ ಬಯಸುವ
ಬಸಯ್ಯ


ಬೈಲಹೊಂಗಲ
ತಾ. ೪-೪-೧೯೭೫

ಚಿ. ರಾಯವ್ವಳಿಗೆ ಆಶೀರ್ವಾದ.

ಸಿಕ್ಕಿತು! ಮೊದಲು ಅದನ್ನು ಬರೆದು ಆಮೇಲೆ ಉಳಿದ ಮಾತು. ಆದರೆ ಸಿಗುವ ಮುಂಚೆ ನಾನು ಪಟ್ಟ ಸಂಕಟ ಕೇಳು.

ಮೊದಲ ಅಪರಾಧಿ ನಾನೇ. ೧೯೬೭ರಲ್ಲಿ ಛಾಪಖಾನೆ ಮುಚ್ಚಿದಾಗ ಮೂವತ್ತು ವರ್ಷದ ಸಂಚಿಕೆಗಳನ್ನು ಚಕ್ಕಡಿಯಲ್ಲಿ ಹೇರಿ ರದ್ದಿಗೆ ಕಳಿಸಿದವನು ನಾನು. ನಾನು ಕೈಯಿಂದ ಬರೆದ ಕರಡುಗಳನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಮುಂದೆ ಯಾರಾದರೂ ನನ್ನ ಚರಿತ್ರೆ ಬರೆದರೆ ಬೇಕಾಗುತ್ತದೆ ಎಂದು! ನಗು ಬಂದರೆ ನಕ್ಕುಬಿಡು, ಬಿಗಿ ಹಿಡಿಯಬೇಡ.

ಆಮೇಲೆ ಒಂದು ಊರಿನ ವಾಚನಾಲಯಕ್ಕೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಬಿ.ಪಿ. ಏರುತ್ತದೆ. ಹತ್ತು ವರ್ಷದ ಸಂಚಿಕೆಗಳಿಗೆ ರಟ್ಟು ಹಾಕಿಸಿ ಅವರಿಗೆ ನಾನೇ ಪುಕ್ಕಟೆ ಕೊಟ್ಟಿದ್ದೆ. ಅಲ್ಲಿನ ಕಾರಕೂನ ಬಲು ವಿನಯದಿಂದ ಕುರ್ಚಿ ಕೊಟ್ಟ.

"ಅವಾ ಅಜ್ಜಾರ? ಹುಳಾ ಹಿಡದಿದ್ದೂವರಿ. ಹ್ವಾದ ವರ್ಷ ರದ್ದಿಗೆ ಹಾಕಿದ್ವಿ. ಈಗ ಕಪಾಟ ಹೆಂಗ ಸ್ವಚ್ಛ ಕಾಣತಾವ ನೋಡ್ರಿ."

ಕಪಾಟಿನಲ್ಲಿ ಒಂದು ಫುಟ್‌ಬಾಲು ಮತ್ತು ಗೋಡೆ ಗಡಿಯಾರದ ಬೀಗದ ಕೈ ಇದ್ದವು. ನಾನು ಏನೆಲ್ಲ ಬೈದೆನೋ ನೆನಪಿಲ್ಲ. ಗ್ರೀಕರನ್ನೂ ಎಳೆತಂದೆ. ಅವನು ನೀರು ತಂದುಕೊಟ್ಟು, "ಗ್ರೀಕರಂದ್ರ ಯಾ ಊರಾವ್ರರಿ ಅಜ್ಜಾರ? ಅವರೂ ಚಂದಾದಾರರಿದ್ರೇನ್ರಿ?" ಎಂದು ಕೇಳಿದ. ಆ ಹುಡುಗನ ತಪ್ಪಲ್ಲ ಬಿಡು.

ಚಂದಾದಾರರು ಎಂದದ್ದೇ ಒಳ್ಳೆಯದಾಯಿತು. ನಮ್ಮ ಚಂದಾದಾರರ ಹೆಸರು, ಓಣಿಯ ಸಮೇತ, ನನಗೆ ಇಂದಿಗೂ ಬಾಯಿಪಾಠ. ಸವದತ್ತಿಯಿಂದ ಶುರು ಮಾಡಿದೆ. ಹದಿನಾಲ್ಕು ಮನೆ. ಒಬ್ಬರ ಮಗ ಅಂಗಡಿಯಲ್ಲಿ ಬೆಲ್ಲ ಕಟ್ಟಿ ಮುಗಿಸಿದ್ದ. ಇನ್ನೊಬ್ಬರದು ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ಊರೇ ಎದ್ದು ಹೋದಾಗ ಹೋಗಿತ್ತು. ಬಸ್ಸಿನ ಕಿಟಕಿಯಿಂದ ಆ ನೀರು ನೋಡುತ್ತ, ಇದರ ತಳದಲ್ಲಿ ನನ್ನ ಪತ್ರಿಕೆಯೂ ಇದೆ ಎಂದುಕೊಂಡೆ. ಕಟಕೋಳದಲ್ಲಿ ಇಬ್ಬರಿದ್ದರು, ಅವರ ಮನೆಯಲ್ಲಿ ರಟ್ಟು ಉಳಿದಿತ್ತು, ಒಳಗಿನ ಹಾಳೆ ಇರಲಿಲ್ಲ. ನಿನ್ನ ರಾಮದುರ್ಗದ ಆರು ಮನೆಗೂ ಬಂದಿದ್ದೆ. ನಿನ್ನ ಶಾಲೆಯ ಮುಂದೆ ಹಾದು ಹೋದೆ. ಒಳಗಿಂದ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಬರಿಗೈಯಲ್ಲಿ ನಿನ್ನ ಮುಖ ನೋಡಲು ಆಗಲಿಲ್ಲ, ಬಸ್ಸು ಹತ್ತಿದೆ.

ಕಡೆಗೆ ಕಿತ್ತೂರು. ಒಂಬತ್ತನೆಯ ಮನೆ, ಗುರುಬಸವ್ವನವರದು. ಅವರ ಯಜಮಾನರು ಹೋಗಿ ಇಪ್ಪತ್ತು ವರ್ಷವಾಗಿದೆ. ಆಕೆಗೆ ಎಂಬತ್ತರ ಹತ್ತಿರ. ನನ್ನ ಮಾತು ಕೇಳಿ ಒಳಗೆ ಕರೆದೊಯ್ದು ಅಡಿಗೆಮನೆಯ ಮೂಲೆ ತೋರಿಸಿದರು. ಗೋಡೆಗೆ ಹತ್ತಿ ಒಂದು ಮಣೆ, ಮಣೆಯ ಕೆಳಗೆ ರಟ್ಟು ಹಾಕಿದ ನಾಲ್ಕು ಸಂಪುಟ.

"ಇವಾ ಏನ್ರಿ? ಇವರ ಮ್ಯಾಲ ನಿಂತ ನಮ್ಮನಿ ಮೂರ ತಲಿ ಹುಡುಗೂರು ಉಪ್ಪಿನಕಾಯಿ ಕದ್ದಾವ್ರಿ. ಬಲೇ ಗಟ್ಟಿ ಅದಾವು. ಯಜಮಾನ್ರು ಹೋಗೂ ಮುಂದ, ಬಸಯ್ಯನ ಪತ್ರಿಕಾ ಒಗೀಬ್ಯಾಡ ಅಂದಿದ್ರು. ನಾ ಓದಾಕ ಬಾರದಾಕಿ. ಒಗೀಲಿಲ್ಲ ಅಷ್ಟ."

ಎರಡನೆಯ ಸಂಪುಟ ೧೯೩೯. ನೆಲದ ಮೇಲೆ ಕುಳಿತು ತೆರೆದೆ. ಹಾಳೆಗಳಿಗೆ ಮೆಂತ್ಯದ ವಾಸನೆ. ಆಷಾಢದ ಸಂಚಿಕೆ, ಹನ್ನೊಂದನೆಯ ಪುಟ. ನನ್ನ ಹೆಸರು ದಪ್ಪ ಅಕ್ಷರದಲ್ಲಿ.

ಗುರುಬಸವ್ವನವರು ಸಂಪುಟ ಕೊಟ್ಟರು. ಅದರ ಬದಲಿಗೆ ಅದೇ ಎತ್ತರದ ಒಂದು ಕಲ್ಲು ತಂದಿಡಬೇಕೆಂದು ಮಾತು ತೆಗೆದುಕೊಂಡರು. ಮನೆಗೆ ಬಂದು ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ಲೇಖನ ಇನ್ನೂ ಸರಿಯಾಗಿ ಓದಿಲ್ಲ. ಓದಲು ಧೈರ್ಯ ಬೇಕು.

ಬಸಯ್ಯ


ಬೈಲಹೊಂಗಲ
ತಾ. ೧೯-೪-೧೯೭೫

ಚಿ. ರಾಯವ್ವಳಿಗೆ ಬಸಯ್ಯನ ಆಶೀರ್ವಾದ.

ಇದರ ಜೊತೆ ರಜಿಸ್ಟರ್ ಟಪಾಲಿನಲ್ಲಿ ಮೂರು ಹಾಳೆ ಕಳಿಸಿದ್ದೇನೆ. ಪ್ರತಿ ಮಾಡಿ ಕಳಿಸಿದ್ದಲ್ಲ, ಸಂಪುಟದಿಂದ ಬಿಡಿಸಿದ ಮೂಲ ಹಾಳೆಗಳೇ. ಅವು ನಿನ್ನವು.

ಆರು ಸಾಲಲ್ಲ ರಾಯವ್ವ, ಇಪ್ಪತ್ತೇಳು ಇವೆ. ಒಂಬತ್ತು ಹಾಡು.

ಮೊದಲು ನನ್ನ ಕಣ್ಣು ತಪ್ಪಿರಬೇಕು ಎಂದುಕೊಂಡೆ. ಪೆಟ್ಟಿಗೆ ತೆಗೆದು, ಬಟ್ಟೆ ಬಿಚ್ಚಿ, ನನ್ನ ಕರಡನ್ನು ಪಕ್ಕಕ್ಕಿಟ್ಟು ಸಾಲು ಸಾಲಾಗಿ ಹೋಲಿಸಿದೆ. ಆಗ ನಾನು ಉದ್ಧರಿಸಬೇಕಾದ ಹಾಡನ್ನು ಕರಡಿನಲ್ಲಿ ಬರೆಯುತ್ತಿರಲಿಲ್ಲ, ಸೋಮಾರಿತನ. 'ವಹಿ, ಪುಟ ೭, ಮೂರು ಸಾಲು' ಎಂದು ಗುರುತು ಹಾಕಿ ಕರಡನ್ನೂ ವಹಿಯನ್ನೂ ಕೂಡಿಯೇ ಕಂಪೋಜಿಗೆ ಕೊಡುತ್ತಿದ್ದೆ. ಕರಡಿನಲ್ಲಿ ಎರಡೇ ಗುರುತಿವೆ. ಪುಟ ೭, ಪುಟ ೩೦. ಏಳನೆಯ ಪುಟದ್ದು ಇದು:

ಬಾವಿ ಕಟ್ಟೂವಾಗ ಕಲ್ಲ ಹೊತ್ತೇನವ್ವ
ನೀರ ಸೇದೂವಾಗ ದೂರ ನಿಂತೇನವ್ವ
ಕಲ್ಲ ಕೇಳ್ಯಾವ ನನ ಹೆಸರ

ಇದರ ಕೆಳಗೆ ನನ್ನ ಜಾಣತನ: 'ಕಲ್ಲಿಗೆ ಕಿವಿ ಬಂದ ಮೇಲೆ ಕವಿಗೆ ಕಿವಿ ಬೇಕಾಗಿಲ್ಲ.' ಆ ವಾಕ್ಯ ನನಗೆ ಮೂವತ್ತಾರು ವರ್ಷದಿಂದ ಬಾಯಿಪಾಠವಿತ್ತು. ಆ ಹಾಡು ನೆನಪಿರಲಿಲ್ಲ. ಇಂಥದು ನನ್ನ ನೆನಪಿನ ಶಕ್ತಿ!

ನನ್ನ ಆ ವಾಕ್ಯ ಮುಗಿದ ಕೂಡಲೇ, ನಾನು ಬರೆಯದಿದ್ದ, ಗುರುತು ಹಾಕದಿದ್ದ ಹಾಡು ಬಂದಿದೆ:

ಹಗ್ಗಕ್ಕ ಗೊತ್ತಿಲ್ಲ, ಕೊಡಕ್ಕ ಗೊತ್ತಿಲ್ಲ
ತಳದಾಗಿನ ನೀರಿಗೆ ನನ ಬೆವರ ಗೊತ್ತೈತಿ
ಕುಡದವ್ರ ಬಾಯಿಗೆ ಉಪ್ಪ ಹತ್ತಲಿಲ್ಲೇನ

ನಾನು ಆ ಕಾಲದಲ್ಲಿ ಇದನ್ನೆಲ್ಲ ಭರಮಪ್ಪನ ಬೇಪರವಾಯಿ ಎಂದು ತಿಳಿದಿದ್ದೆ. ಗುರುತು ಕಾಣದೆ ಒಂದರ ಹಿಂದೆ ಒಂದು ಹಾಡು ಜೋಡಿಸಿಬಿಟ್ಟ ಎಂದು. ಆದರೆ ಪ್ರತಿಯೊಂದು ಹಾಡಿನ ಮುಂದೆ ವಹಿಯ ಪುಟದ ಅಂಕಿಯನ್ನೂ ಅವನು ಜೋಡಿಸಿದ್ದಾನೆ. ೩, ೭, ೧೯, ೩೦, ೪೪, ೫೨, ೭೧, ೯೦, ೧೦೮. ಕಣ್ಣು ತಪ್ಪಿದವನು ಏಳರ ಮುಂದೆ ಎಂಟು ಜೋಡಿಸುತ್ತಾನೆ. ಇವನು ಇಡೀ ವಹಿಯನ್ನು ಮೊದಲಿನಿಂದ ಕಡೆಯವರೆಗೆ ತಿರುವಿ, ಒಂಬತ್ತನ್ನು ಆರಿಸಿದ್ದಾನೆ. ನಾನು ಒಂದು ಮದುವೆಗೆ ಹೋಗಿ ಊರಲ್ಲಿಲ್ಲದ ಮೂರು ದಿನದಲ್ಲಿ, ತಾಯಿಯನ್ನು ಬೈದ ಲೇಖನದ ಒಳಗೆ, ತಾಯಿಯ ಹಾಡು ಕೂಡಿಸಿದ್ದಾನೆ. ಬೇರೆಲ್ಲೂ ಅವಕ್ಕೆ ಜಾಗ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಕಡೆಯ ಹಾಡಿನ ಕೆಳಗೆ ಭೂತಗನ್ನಡಿ ಹಿಡಿದು ನೋಡು. ಪಂಚಾಂಗಕ್ಕೆ ಬಳಸುತ್ತಿದ್ದ ಅತಿ ಸಣ್ಣ ಮೊಳೆಯಲ್ಲಿ ಎರಡೇ ಶಬ್ದವಿವೆ: ಕೆಂಪವ್ವ, ಸಿರಸಂಗಿ. ನನ್ನ ಕರಡಿನಲ್ಲಿ ಹೆಸರೇ ಇಲ್ಲ. ನನಗೆ ಆ ಹೆಸರು ಗೊತ್ತೂ ಇರಲಿಲ್ಲ.

ಆ ಗ್ರೀಕ್ ಪುಸ್ತಕದಲ್ಲಿ ಒಬ್ಬ ಸಿಟ್ಟಿನ ಮಾಸ್ತರ ಬರುತ್ತಾನೆ. ಬಡತನಕ್ಕೆ ಪುಸ್ತಕ ಮಾರಿಕೊಂಡು, ತನ್ನ ತಲೆಯೇ ತನ್ನ ಗ್ರಂಥಾಲಯ ಎಂದು ಜಂಬ ಕೊಚ್ಚುತ್ತ, ಎಲ್ಲರನ್ನೂ ಬೈಯುತ್ತ ಬರೆದವನು. ಅವನು ಎತ್ತಿ ಹೇಳಿದ್ದರಿಂದ ಕಳೆದುಹೋದ ಕವಿಗಳ ಎಷ್ಟೋ ಸಾಲು ಉಳಿದವು. ಆ ಪುಟ ಓದಿದಾಗ, ಬಸಯ್ಯಾ, ನೀನೂ ಇಂಥವನೇ, ಬೈದಾದರೂ ಉಳಿಸಿದೆ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಈಗ ಆ ಹಿಗ್ಗು ಇಳಿಯಿತು. ಉಳಿಸಿದವನು ನಾನಲ್ಲ. ಆ ಪಂಡಿತರ ಹಿಂದೆಯೂ, ಹೆಸರಿಲ್ಲದೆ ಕೂತು ಪ್ರತಿ ಮಾಡಿದವರು ಎಷ್ಟು ಜನ ಇದ್ದರೋ. ಅವರಲ್ಲಿ ಯಾವ ಯಾವ ಭರಮಪ್ಪ ಯಾವ ಸಾಲು ಸೇರಿಸಿದನೋ.

ನೂರಾ ಎಂಟನೆಯ ಪುಟದ ಹಾಡು ಇದು. ಇದನ್ನು ನಾನು ದಿನಕ್ಕೆ ಹತ್ತು ಸಲ ಓದುತ್ತೇನೆ.

ಹಾಡ ಹೇಳತೇನಂದ್ರ ಯಾರ ಕೇಳ್ಯಾರವ್ವ
ಬೈಯಾಕರ ಒಮ್ಮಿ ನನ ಮಾತ ಎತ್ಯಾರ
ಎತ್ತಿದ ಮಾತ ಇಳಿಯೂದಿಲ್ಲ

ಇದು ಕೆಂಪವ್ವ ಕಟ್ಟಿದ್ದೋ, ಅಥವಾ ನನ್ನ ಲೇಖನ ಜೋಡಿಸುತ್ತ ನಿಂತಾಗ ಭರಮಪ್ಪನೇ ಕಟ್ಟಿದ್ದೋ? ನನಗೆ ತಿಳಿಯದು. ವಹಿ ಇದ್ದಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ನಿನಗೆ ಅಪ್ಪನ ಬಾಯಲ್ಲಿ ಕೇಳಿದ ನೆನಪಿದ್ದರೆ ಬರೆ.

ಈ ಹಾಡುಗಳನ್ನು ನೀನು ಎಲ್ಲಾದರೂ ಛಾಪಿಸುವುದಾದರೆ ನನ್ನ ಲೇಖನವನ್ನೂ ಪೂರ್ತಿ ಕೆಳಗೆ ಹಾಕಿಸು. ಒಂದು ಶಬ್ದವನ್ನೂ ಬಿಡಬೇಡ. ಯಾವ ಬಾಯಿಂದ ದಾಟಿ ಬಂದವು ಎಂದು ಓದುವವರಿಗೆ ತಿಳಿಯಬೇಕು.

ಗುರುಬಸವ್ವನವರಿಗೆ ಕಲ್ಲು ಮುಟ್ಟಿಸಿದೆ. ನೀನೂ ಮಕ್ಕಳೂ ಸುಖವಾಗಿರಿ. ನಿನ್ನ ಕೈಯಲ್ಲಿ ಕಲಿತ ಮಕ್ಕಳಿಗೆಲ್ಲ ಒಳ್ಳೆಯದಾಗಲಿ.

ಬಸಯ್ಯ

ತಾ.ಕ.: ನೀನು ಕೇಳಿದ್ದು ವಹಿ ಎಲ್ಲಿ ಎಂದು. ಮೂರು ಪತ್ರ ಬರೆದೆ, ಆ ಒಂದು ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಊರೂರು ತಿರುಗಿ ನಾನು ಹುಡುಕಿದ್ದು ಪತ್ರಿಕೆಯನ್ನು. ವಹಿಯನ್ನು ಹುಡುಕಲೇ ಇಲ್ಲ. ಅದು ಇ‌ಲ್ಲವೆಂದು ನಿನ್ನ ಕಾಗದ ಬಂದ ದಿನವೇ ನನಗೆ ಗೊತ್ತಿತ್ತು.

ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಅಕ್ಷರ ಚೆನ್ನಾಗಿ ಮೂಡಲೆಂದು ಛಾಪಿಸುವ ಹಾಳೆಯ ಬೆನ್ನಿಗೆ ಹಳೆಯ ಕಾಗದ ಒತ್ತು ಕೊಡುವುದನ್ನು ನೀನು ಎಷ್ಟೋ ಸಲ ನೋಡಿದ್ದೀ. ನಾನು ಆ ಮದುವೆಯಿಂದ ಮರಳಿ ಬಂದಾಗ ಅರ್ಧ ಪ್ರತಿ ಛಾಪಾಗಿದ್ದವು, ತಿದ್ದುವ ಹಾಗಿರಲಿಲ್ಲ. ಒಂದು ಹಾಳೆ ಎತ್ತಿ ನೋಡಿ ಮೈ ಉರಿಯಿತು. "ಕಣ್ಣಿಲ್ಲೇನೋ ನಿನಗ? ನಾ ಗುರುತ ಹಾಕಿದ್ದು ಎರಡ, ನೀ ಜೋಡಿಸಿದ್ದು ಎಷ್ಟ!" ಎಂದೆ. "ತಪ್ಪಾತ್ರಿ ಅಯ್ಯಾರ" ಎಂದ. ಅಷ್ಟೇ ಅಂದ. "ಹಾಡಿನ ಮ್ಯಾಲ ಅಷ್ಟ ಪ್ರೀತಿ ಇದ್ರ ತಗೋ" ಎಂದು ಎಲ್ಲರ ಮುಂದೆ ವಹಿಯ ಹೊಲಿಗೆ ಹರಿದೆ. ಹಾಳೆಗಳನ್ನು ಯಂತ್ರಕ್ಕೆ ಒತ್ತು ಇಟ್ಟೆ. "ಹೊಡಿ" ಎಂದೆ. ಉಳಿದ ಪ್ರತಿಗಳು ನಿನ್ನ ಆಯಿಯ ಹಾಡುಗಳ ಮೇಲೆಯೇ ಛಾಪಾದವು. ಯಂತ್ರ ತುಳಿದವನು ಭರಮಪ್ಪ. ಸಂಜೆ ಆ ಹಾಳೆಗಳನ್ನೇ ಬಳಸಿ ಮೊಳೆಯ ಮಸಿ ಒರೆಸಿದವನೂ ಅವನೇ.

ಆಮೇಲೆ ಇಪ್ಪತ್ತೆಂಟು ವರ್ಷ ಅವನು ನನ್ನಲ್ಲಿ ಮೊಳೆ ಜೋಡಿಸಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅವನ ಮಣ್ಣಿನ ದಿನ ನಾನು ಆ ಮಾತು ಹೇಳಿದೆ, ನೀನು ತಲೆಯಾಡಿಸಿದೆ. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.